ಮುಕ್ಕಾಲು ಗಂಟೆ ಬಂದ್

ಮಧ್ಯಾಹ್ನ 1ರೊಳಗೆ ಸೂಚ್ಯಂಕ ಶೇ. 10 ಕುಸಿದರೆ ಶೇರುಪೇಟೆಯ ವಹಿವಾಟು 45 ನಿಮಿಷ ನಿಲ್ಲುತ್ತದೆ. ಇದಕ್ಕೆ ಸರ್ಕ್ಯೂಟ್ ಬ್ರೇಕರ್ ಎನ್ನುತ್ತಾರೆ. 2020ರ ಮಾರ್ಚ್ 23ರ ಸೋಮವಾರ ಬೆಳಿಗ್ಗೆ ಹಾಗೇ ಆಯಿತು. ಬೆಂಗಳೂರಿನ ಒಂದು ಮನೆಯಲ್ಲಿ ಇಸ್ತ್ರಿ ಮೇಜನ್ನೇ ಆಫೀಸು ಮಾಡಿಕೊಂಡಿದ್ದ ಮಗನಿಗೂ ನಿವೃತ್ತ ತಂದೆಗೂ ನಡೆದ ಮಾತುಕತೆ ಆ ಕೋವಿಡ್ ಕಾಲದ ಅರ್ಥಶಾಸ್ತ್ರಕ್ಕೆ ಒಳ್ಳೆಯ ಮಾದರಿ.

“ಏನೋ, ಕರೆಂಟ್ ಹೋಯ್ತಾ?”

“ಇಲ್ಲಪ್ಪ, ಸೆನ್ಸೆಕ್ಸ್ ಹೋಯ್ತು. ಮುಕ್ಕಾಲು ಗಂಟೆ ಬಂದ್.”

“ಯಾಕಂತೆ?”

“ಹೂಡಿಕೆದಾರರು ಸಮಾಧಾನವಾಗಿ ಯೋಚನೆ ಮಾಡ್ಲಿ ಅಂತ.”

“ಮಾಡಿ?”

“ಇನ್ನಷ್ಟು ಮಾರ್ತಾರೆ.”

ಅಷ್ಟರಲ್ಲಿ ಕುಕ್ಕರ್ ಮೂರನೇ ಸಲ ಕೂಗಿತು. ಮೀಟಿಂಗಿನಲ್ಲಿದ್ದ ಎಲ್ಲರಿಗೂ ಬೇಳೆ ಬೆಂದದ್ದು ಗೊತ್ತಾಯಿತು. ಮೇಲೆ ಶರ್ಟು, ಕೆಳಗೆ ಪಂಚೆ: ವರ್ಕ್ ಫ್ರಂ ಹೋಮ್‌ನ ಸಮವಸ್ತ್ರ ಅದೇ.

ಅಂದು ಸೆನ್ಸೆಕ್ಸ್ 3,934 ಅಂಶ ಕಳೆದುಕೊಂಡು 25,981ಕ್ಕೆ ನಿಂತಿತು. ಮರುದಿನ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆ. ಏಪ್ರಿಲ್–ಜೂನ್ ತ್ರೈಮಾಸಿಕದಲ್ಲಿ ಜಿಡಿಪಿ, ಮೊದಲ ಅಂದಾಜಿನಂತೆ, ಶೇ. 23.9 ಕುಗ್ಗಿತು. ಪೇಟೆಗೆ ಮಾತ್ರ ಇದು ಕೇಳಿಸಲಿಲ್ಲ. ಬಡ್ಡಿ ಇಳಿದಿತ್ತು, ವಿದೇಶಿ ಹಣ ಹರಿದುಬಂತು, ಮನೆಯಲ್ಲಿ ಕೂತವರು ಫೋನಿನಲ್ಲೇ ಡಿಮ್ಯಾಟ್ ಖಾತೆ ತೆರೆದರು.

“ಅಂಗಡಿಗಳಲ್ಲಿ ನೊಣ ಹೊಡೀತಿದಾರೆ, ಶೇರು ಏರ್ತಿದೆ. ಏನೋ ಇದು?”

“ಪೇಟೆ ಯಾವಾಗ್ಲೂ ಮುಂದಿನದನ್ನ ನೋಡತ್ತಪ್ಪ.”

“ಮಾರ್ಚ್‌ನಲ್ಲಿ ಏನು ನೋಡ್ತಿತ್ತು?”

“ಸರ್, ನಿಮ್ಮ ಮೈಕ್ ಆನ್ ಇದೆ,” ಎಂದಿತು ಲ್ಯಾಪ್‌ಟಾಪಿನೊಳಗಿನ ಒಂದು ದನಿ.

2021ರ ಜನವರಿ 21ರಂದು ಸೆನ್ಸೆಕ್ಸ್ ಮೊದಲ ಬಾರಿಗೆ 50,000 ದಾಟಿತು. ಮಗ ತನ್ನ ಶೇರುಗಳನ್ನು ಮಾರ್ಚ್‌ನಲ್ಲೇ ಮಾರಿದ್ದ.