26ನೇ ಕೆಜಿ

(ಶೆಟ್ಟರ ದಿನಸಿ ಅಂಗಡಿ. ರಾಯರ ಮುಖದಲ್ಲಿ ಹಬ್ಬದ ಕಳೆ, ನಿಂಗಮ್ಮನ ಕೈಲಿ ಖಾಲಿ ಚೀಲ.)

ರಾಯರು: ಕೇಳಿದ್ರಾ ಶೆಟ್ರೇ, 12 ಲಕ್ಷದವರೆಗೆ ಆದಾಯ ತೆರಿಗೆ ಸೊನ್ನೆ! ಹೊರೆ ಇಳಿಸಿಬಿಟ್ರು.

ನಿಂಗಮ್ಮ: ಇಳಿಸಿ ಎಲ್ಲಿಟ್ರು ಸ್ವಾಮಿ?

ಶೆಟ್ಟರು: ಸದ್ಯಕ್ಕೆ ನನ್ನ ಬಿಲ್ಲಿನ ಬುಡದಲ್ಲಿ.

ರಾಯರು: ನನ್ನ ಕೇಳಿದ್ರೆ ಆ ತೆರಿಗೇನೇ ಕಿತ್ತುಹಾಕಿ, ಎಲ್ಲಾ ಅಂಗಡೀಲೇ ವಸೂಲಿ ಮಾಡ್ಬೇಕು. ಅಮೆರಿಕದಲ್ಲಿ 1999ರಿಂದ ಇಂಥ ಮಸೂದೆ ಮಂಡಿಸ್ತಾನೇ ಇದಾರೆ. (ರಾಯರಿಗೆ ಅಮೆರಿಕ ಅಂದರೆ ಮಗ ಇರುವ ಊರು.) ಬರೀ ಶೇ. 23!

ಶೆಟ್ಟರು: ಅಂದ್ರೆ 100ರ ಸಾಮಾನಿಗೆ 123?

ರಾಯರು: ಅಲ್ರೀ, 130. ಅದರಲ್ಲಿ ತೆರಿಗೆ 30. ಆ 30, 130ರಲ್ಲಿ ಎಷ್ಟು? ಶೇ. 23!

ಶೆಟ್ಟರು: ಛೆ! ನಮ್ಮಪ್ಪ ಈ ಲೆಕ್ಕ ಕಲಿಸಿದ್ರೆ ಇಷ್ಟೊತ್ತಿಗೆ ಮೂರಂತಸ್ತು ಎಬ್ಬಿಸ್ತಿದ್ದೆ.

ನಿಂಗಮ್ಮ: ನಂಗೆ 5 ಕೆಜಿ ಅಕ್ಕಿ ಪ್ಯಾಕೆಟ್ ಕೊಡಿ.

ಶೆಟ್ಟರು: ಅದಕ್ಕೆ ಶೇ. 5 ಜಿಎಸ್‌ಟಿ ಸೇರಿದೆ. ರಾಯರೇ, ನಿಮ್ಮದು 26 ಕೆಜಿ ಮೂಟೆ, ತೆರಿಗೆ ಇಲ್ಲ.

ನಿಂಗಮ್ಮ: ಅವರ್ದು ಬೇರೆ ಅಕ್ಕೀನಾ?

ಶೆಟ್ಟರು: ಅದೇ ಗದ್ದೆ, ಅದೇ ಮಿಲ್ಲು. 25 ಕೆಜಿ ದಾಟಿದ್ರೆ ಸರ್ಕಾರದ ಕಣ್ಣಿಗೆ ಬೀಳಲ್ಲ.

ನಿಂಗಮ್ಮ: ದಪ್ಪ ಆದಷ್ಟೂ ಕಾಣಲ್ಲ ಅನ್ನಿ.

ರಾಯರು: ನೀನೂ ಮೂಟೇನೇ ತಗೋ, ಯಾರು ಬೇಡಾಂದ್ರು? ನಿಂಗೂ ಆದಾಯ ತೆರಿಗೆ ಇಲ್ವಲ್ಲ!

ನಿಂಗಮ್ಮ: ತೆರಿಗೇನೂ ಇಲ್ಲ, ಆದಾಯಾನೂ ಇಲ್ಲ. ನಂಗೆ ಎರಡೆರಡು ವಿನಾಯಿತಿ ಸ್ವಾಮಿ.

ಶೆಟ್ಟರು: ಒಂದು ಮೂಟೆ ಬಿಚ್ಚಿ 5 ಕೆಜಿ ತೂಗ್ಲಾ? ಬಿಡಿ ಅಕ್ಕಿಗೂ ತೆರಿಗೆ ಇಲ್ಲ.

ನಿಂಗಮ್ಮ: ತೂಗಿ. ರಾಯರ ಲೆಕ್ಕದಲ್ಲಿ ಬೇಡ, ಕೆಜಿ ಲೆಕ್ಕದಲ್ಲಿ.