ಯಾವ ಸ್ಕೂಲು ಅಂದ್ರೆ…

ಕರಿಬೇವು ತಾನೇ, ಕಿತ್ಕೊಳ್ಳಿ ಅಕ್ಕ, ಅದಕ್ಕೂ ಕೇಳ್ಬೇಕಾ? ಹಾಗೇ ಬಾಯಿ ತುದೀಲಿರೋ ಇನ್ನೊಂದನ್ನೂ ಕೇಳಿಬಿಡಿ. ಹತ್ತು ಗಂಟೆಗೂ ಹುಡುಗ ಮನೇಲೇ ಇದಾನಲ್ಲ ಅಂತ ತಾನೇ? ಜ್ವರಾನೂ ಅಲ್ಲ, ಫೀಸ್ ಬಾಕಿನೂ ಅಲ್ಲ. ಶಾಲೆ ಬಿಡಿಸಿದೀವಿ.

ನನ್ನ ಮೊಮ್ಮಗನಿಗೆ ಆಟಿಸಂ. ಬೆಲ್ ಹೊಡೆದ್ರೆ ಸಾಕು, ಕಿವಿ ಮುಚ್ಕೊಂಡು ಬೆಂಚಿನ ಕೆಳಗೆ ಸೇರ್ಕೊಳ್ತಿದ್ದ. ಟ್ಯೂಬ್‌ಲೈಟು ಗುಂಯ್ ಅನ್ನತ್ತಲ್ಲ, ನಮ್ಮ ಗಮನಕ್ಕೇ ಬರಲ್ಲ, ಅವನಿಗೆ ಅದೇ ತಲೆಯೊಳಗೆ ಬೋರ್‌ವೆಲ್ ಕೊರೆದ ಹಾಗೆ. ‘ಅಡ್ಜಸ್ಟ್ ಆಗ್ತಿಲ್ಲ’ ಅಂತ ಕರೆಸಿ ಹೇಳಿದ್ರು. ‘ನೀವು ಸ್ವಲ್ಪ ಆಗಿ’ ಅಂದಳು ನನ್ನ ಸೊಸೆ. ಅಲ್ಲಿಗೆ ಮಾತು ಮುಗೀತು.

ಈಗ ಮನೇಲೇ ಕಲಿಸ್ತೀವಿ, ಪಾಠಕ್ಕೇನೂ ಕೊರತೆಯಿಲ್ಲ. ಹುಡುಗನಿಗೆ ಮೆಟ್ರೋ ಹುಚ್ಚು. 2011ರಲ್ಲಿ ಮೊದಲ ರೈಲು ಬಿಟ್ಟಾಗ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿನವರೆಗೆ ಯಾವ ಯಾವ ಸ್ಟೇಷನ್ ಇದ್ವು ಕೇಳಿ, ಆರೂ ಒಂದೇ ಉಸಿರಿಗೆ ಹೇಳ್ತಾನೆ. ಲೆಕ್ಕನೂ ಅದರಲ್ಲೇ. ಇಂದಿರಾನಗರದಲ್ಲಿ 14 ಜನ ಹತ್ತಿ ಟ್ರಿನಿಟೀಲಿ 6 ಜನ ಇಳಿದ್ರೆ ಎಷ್ಟು ಉಳೀತು ಅಂತ. ಬರಿ 14ರಲ್ಲಿ 6 ಕಳಿ ಅಂದ್ರೆ ಗೋಡೆ ನೋಡ್ತಾನೆ.

ಕಷ್ಟ ಇದ್ದಿದ್ದು ಸೊಸೆಗೆ. ಇಡೀ ದಿನ ಇಬ್ಬರೇ. ಮದುವೆ ಮನೆಗೆ ಹೋದ್ರೆ ‘ಯಾವ ಸ್ಕೂಲು?’ ಅಂತ ಕೇಳ್ತಾರಲ್ಲ, ಆ ಭಯಕ್ಕೆ ಹೋಗೋದನ್ನೇ ಬಿಟ್ಟಿದ್ದಳು. ಆಮೇಲೆ ಹೇಗೋ ಇಂಥವೇ ಮಕ್ಕಳಿರೋ ಮನೆಯವರು ಸಿಕ್ಕಿದ್ರು. ವಾರಕ್ಕೊಂದ್ಸಲ ಲಾಲ್‌ಬಾಗ್ ಬಂಡೆ ಹತ್ರ ಸೇರ್ತಾರೆ. ನಾನೂ ಪುಳಿಯೋಗರೆ ಡಬ್ಬಿ ಹಿಡ್ಕೊಂಡು ಹೊರಡ್ತೀನಿ.

ಅಲ್ಲಿ ಯಾರೂ ‘ಅಜ್ಜಿಗೆ ನಮಸ್ಕಾರ ಮಾಡು ಪುಟ್ಟ’ ಅನ್ನಲ್ಲ. ಒಬ್ಬಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸ್ಕೊಂಡು ದೂರ ಕೂರ್ತಾಳೆ, ಕೂರಲಿ ಅಂತ ಬಿಡ್ತಾರೆ. ಇನ್ನೊಬ್ಬ ಕೈ ಪಟಪಟ ಬಡೀತಾನೆ, ಖುಷಿಯಾಗಿದೆ ಅಂತ ಅರ್ಥ. ಬಂಡೆಗೆ 300 ಕೋಟಿ ವರ್ಷ ಅಂತ ಒಬ್ಬ ಹುಡುಗ ಬಂದವರಿಗೆಲ್ಲ ಹೇಳ್ತಾನೆ, ಪ್ರತಿ ವಾರ. ಎಲ್ಲರೂ ಪ್ರತಿ ವಾರ ‘ಹೌದಾ!’ ಅಂತಾರೆ. ಅಮ್ಮಂದಿರ ಮಾತು ಕೇಳ್ಬೇಕು ನೀವು. ಕುತ್ತಿಗೆ ಹತ್ರ ಲೇಬಲ್ ಚುಚ್ಚದ ಬನಿಯನ್ ಎಲ್ಲಿ ಸಿಗತ್ತೆ, ಮಿಷನ್ ಹಾಕದೆ ಬರೀ ಕತ್ತರೀಲಿ ಕ್ರಾಪ್ ಮಾಡೋ ಸೆಲೂನ್ ಯಾವುದು, ಊಟಕ್ಕೆ ಬರೀ ಮೊಸರನ್ನ ಆದ್ರೆ ಏನ್ ಮಾಡೋದು. ಯಾವ ಡಾಕ್ಟರ ಚೀಟೀಲೂ ಇದನ್ನೆಲ್ಲ ಬರೆದಿರಲ್ಲ. ಲೆಕ್ಕ ಬಲ್ಲವಳು ಎಲ್ಲ ಮಕ್ಕಳಿಗೂ ಲೆಕ್ಕ, ನಾನು ಕಥೆ. ಅಪ್ಪಂದಿರು? ಚಾಪೆ ಹಾಸಿಕೊಟ್ಟು ಫೋನ್ ಹಿಡ್ಕೊಂಡು ಗಾಜಿನ ಮನೆ ಕಡೆ ಹೋಗ್ತಾರೆ.

ಮುಂದೆ ಪರೀಕ್ಷೆ ಹೇಗೆ ಅಂತೀರಾ? ಹತ್ತನೇ ಕ್ಲಾಸಿಗೆ ಓಪನ್ ಸ್ಕೂಲ್ ಇದೆ ಅಕ್ಕ. ಎನ್‌ಐಓಎಸ್ ಅಂತ, 1989ರಿಂದ ಇದೆ, ಕೇಂದ್ರ ಸರ್ಕಾರದ್ದೇ. 14 ವರ್ಷ ತುಂಬಿರಬೇಕು. ಐದು ವಿಷಯ, ಬೇಕಾದ್ರೆ ಒಂದೊಂದಾಗಿ ಬರೀಬಹುದು. 5 ವರ್ಷದಲ್ಲಿ 9 ಸಲ ಅವಕಾಶ. ನಮ್ಮ ಮೈದುನರ ಕಾಲದಲ್ಲಿ ಇದಿದ್ದಿದ್ರೆ ಲೆಕ್ಕದಲ್ಲಿ ಡುಮ್ಕಿ ಹೊಡೆದು ಮನೆ ಬಿಟ್ಟು ಓಡ್ತಿರಲಿಲ್ಲ.

ಎಲ್ಲರೂ ಹೀಗೇ ಮಾಡಿ ಅಂತ ನಾನು ಹೇಳಲ್ಲ. ಸೊಸೆ ಬ್ಯಾಂಕ್ ಕೆಲಸ ಬಿಟ್ಟಳು. ನನ್ನ ಮಗ ಬಿಟ್ಟನಾ? ಕೇಳ್ಬೇಡಿ. ನಮ್ಮ ಮನೆ ಪಾತ್ರೆ ತೊಳೆಯೋಕೆ ಬರ್ತಾಳಲ್ಲ, ಅವಳ ಮಗನೂ ಹೀಗೇ. ಅವಳು ಮನೇಲಿ ಕೂತ್ರೆ ಒಲೆ ಹಚ್ಚೋದು ಯಾರು? ಅವಳಿಗೆ ಶಾಲೆನೇ ಬೇಕು, ಒಳ್ಳೇ ಶಾಲೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ ಆಟಿಸಂ, ಕಲಿಕೆ ತೊಂದರೆ ಎಲ್ಲ ಸೇರಿಸಿ 21 ಬಗೆ ಪಟ್ಟಿ ಮಾಡಿದಾರಂತೆ. ಪಟ್ಟಿ ಕ್ಲಾಸ್‌ರೂಮಿನೊಳಗೆ ಯಾವಾಗ ಬರತ್ತೋ ನೋಡೋಣ.

ನೀವೂ ಬನ್ನಿ ಈ ಗುರುವಾರ, ಜಾಗ ಇದೆ ಆಟೋದಲ್ಲಿ. ಬಂಡೆಗೆ ಎಷ್ಟು ವರ್ಷ ಅಂತ ಆ ಹುಡುಗ ಹೇಳಿದಾಗ ಮಾತ್ರ ‘ಗೊತ್ತು’ ಅನ್ನಬೇಡಿ.