ಕೂಡುವವರು, ಕಳೆಯುವವರು
ಮಕ್ಕಳ ಜಿಮ್ನಾಸ್ಟಿಕ್ಸ್ ಸ್ಪರ್ಧೆಯಲ್ಲಿ ಅತಿ ಕಷ್ಟದ ಕಸರತ್ತು ನಡೆಯುವುದು ಗ್ಯಾಲರಿಯಲ್ಲಿ. ಮಗಳಿಗೆ 11.4 ಬಂದರೆ ಹಿಗ್ಗಬೇಕೋ, ಕೋಚ್ ಕಡೆ ದುರುಗುಟ್ಟಬೇಕೋ ಅಪ್ಪನಿಗೆ ತಿಳಿಯದು. ಹಿಂದೆ ಹತ್ತಕ್ಕೆ ಹತ್ತು ಎಂದರೆ ಮುಗಿಯಿತು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 14ರ ನಾದಿಯಾ ಕೊಮನೆಚಿ ಅದನ್ನು ಗಳಿಸಿದಾಗ, ಹತ್ತು ತೋರಿಸಲು ಬಾರದ ಫಲಕ 1.00 ಎಂದಿತ್ತು!

2006ರಿಂದ ಲೆಕ್ಕ ಎರಡು, ಒಟ್ಟು ಅಂಕ ಅವೆರಡರ ಮೊತ್ತ. ‘ಡಿ’ ಕಷ್ಟದ ಅಂಕ. ಮಾಡಿದ ಸಾಹಸಗಳಿಗೆ ಕೂಡುತ್ತಾ ಹೋಗುತ್ತಾರೆ. ‘ಇ’ ಅಚ್ಚುಕಟ್ಟಿನ ಅಂಕ. 10ರಿಂದ ಶುರುಮಾಡಿ ಕಳೆಯುತ್ತಾ ಬರುತ್ತಾರೆ. ಈ ಕಳೆಯುವವರು ಥೇಟ್ ಗಂಡಿನ ಕಡೆಯ ಸೋದರತ್ತೆಯರು. ಮೊಣಕಾಲು ಬಾಗಿತೇ? ಕಾಲ್ಬೆರಳು ಚೂಪಾಗಲಿಲ್ಲವೇ? ತಪ್ಪಿನ ಗಾತ್ರ ನೋಡಿ 0.1, 0.3, 0.5. ಬಿದ್ದರೆ ಪೂರ್ತಿ 1. ಹತ್ತೇ ಸೆಂಟಿಮೀಟರ್ ಅಗಲದ ಬೀಮ್ ಮೇಲೆ ಪಲ್ಟಿ ಹೊಡೆದ ಹುಡುಗಿ ತೋಳು ಬೀಸಿ, ಸೊಂಟ ತಿರುಚಿ, ಅಂತೂ ಬೀಳದೆ ನಿಂತಳೆಂದು ನಾವು ಚಪ್ಪಾಳೆ ತಟ್ಟುತ್ತೇವೆ. ಅವರು ಅದಕ್ಕೇ ಕತ್ತರಿ ಹಾಕುತ್ತಾರೆ!

ದೊಡ್ಡವರನ್ನೂ ಬಿಡುವುದಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ದೀಪಾ ಕರ್ಮಾಕರ್ ‘ಪ್ರೊಡುನೋವಾ’ ಎಂಬ ಕಷ್ಟದ ವಾಲ್ಟ್ ಹಾರಿದಾಗ ‘ಡಿ’ 7.0 ಇತ್ತು. ಇಳಿಯುವಾಗ ತೀರಾ ಕುಕ್ಕರಿಸಿದ್ದು ‘ಇ’ಗೆ ಹೊಡೆತ. ಕಂಚು ತಪ್ಪಿದ್ದು 0.150ರಲ್ಲಿ.

ಆದ್ದರಿಂದ, ‘ಡಬಲ್ ಪಲ್ಟಿ ಯಾವಾಗ ಕಲಿಸ್ತೀರಿ?’ ಎಂದು ಕೋಚ್‌ನನ್ನು ಪೀಡಿಸುವ ಅಪ್ಪಂದಿರೇ, ಮೊದಲು ಮಗುವಿನ ಮೊಣಕಾಲು ನೆಟ್ಟಗಾಗಲಿ, ಸ್ವಲ್ಪ ತಡೆಯಿರಿ.